ಸೆರಗಿನ ಗಂಟಿನ ಗುಳಿಗೆಗಳು

ನನ್ನ ತಂಗಿ ಕೌಸಲ್ಯಾಗೆ, ಬೀದರಿನಿಂದ ನಿನ್ನ ಜಿಜಾ ಅಕ್ಕ ಬರೆಯುತ್ತಿರುವ ನಾಲ್ಕು ಮಾತು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ "ಛಲೋ ಇದ್ದೇನಿ" ಅಂದು ಇಟ್ಟುಬಿಡುತ್ತಿ. ಅದಕ್ಕೇ ಈ ಕಾಗದ. ಠಾಣಾ ಕುಶನೂರಿನ ಮನೆಯಿಂದ ನೀನು ಹೊರಗೆ ಕಾಲಿಡದೆ ನಾಲ್ಕು ತಿಂಗಳಾಯಿತಂತೆ. ಊಟವೂ ಅಷ್ಟಕ್ಕಷ್ಟೇ ಅಂತ ಅವ್ವ ಅಳುತ್ತಾಳೆ. ನನಗೆ ಹೆದರಿಕೆಯಾಗುತ್ತಿದೆ ತಂಗಿ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಎರಡು ಸಾವಿರದ ಮೂರರ ಬರದಲ್ಲಿ ನಾವು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದಾಗ ನೀನು ಎದೆಹಾಲಿನ ಕೂಸು. ಟ್ಯಾಂಕರ್ ನೀರು ಕುಡಿದು ಎಲ್ಲರಿಗೂ ಭೇದಿ. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ, ಅದೂ ನಾಲ್ಕನೆಯ ಇಯತ್ತೆ ಓದುವ ಹುಡುಗಿ! ದೊಡ್ಡವರು ನುಂಗಿ ಉಳಿದ ಗುಳಿಗೆಗಳನ್ನು ಅವ್ವ ಸೆರಗಿನ ತುದಿಗೆ ಗಂಟು ಹಾಕಿಡುತ್ತಿದ್ದಳು. ನಿನಗೆ ಭೇದಿಯಾದಾಗಲೆಲ್ಲ ನಾನು ಹೆಸರು ಓದಿ, ಅರ್ಧ ಮುರಿದು, ನೀರಲ್ಲಿ ತೇಯ್ದು ಕುಡಿಸುತ್ತಿದ್ದೆ. "ನಮ್ಮ ಜಿಜಾ ಡಾಕ್ಟರ್ ಆಗ್ಯಾಳ ನೋಡ್ರಿ" ಎಂದು ಅಪ್ಪ ಹಿಗ್ಗುತ್ತಿದ್ದ. ನಾನೂ ಉಬ್ಬಿಹೋಗುತ್ತಿದ್ದೆ.

ನರ್ಸ್ ಆದ ಮೇಲೆ ತಿಳಿಯಿತು. ಅಂಥ ಆಂಟಿಬಯೋಟಿಕ್ ಗುಳಿಗೆಗಳು ಕೆಟ್ಟ ಕ್ರಿಮಿಗಳ ಜೊತೆಗೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತವೆ. ಆ ಜೀವಿಗಳಿಗೂ ಮೆದುಳಿಗೂ ಸದಾ ಸುದ್ದಿ ಸಮಾಚಾರ ನಡೆದಿರುತ್ತದೆ. ಕೂಸಿನ ಮೆದುಳು ಬೆಳೆಯುವುದರಲ್ಲೂ, ಮುಂದೆ ಮನಸ್ಸಿನ ಅಂಜಿಕೆ, ಬೇಸರಗಳಲ್ಲೂ ಅವುಗಳ ಪಾಲಿರಬಹುದಂತೆ. ಇದನ್ನು ಓದಿದವಳೇ ನಮ್ಮ ಆಸ್ಪತ್ರೆಯ ಡಾಕ್ಟರ್ ಹಮೀದುನ್ನಿಸಾ ಮೇಡಂ ಮುಂದೆ ಹೋಗಿ, ಎಲ್ಲ ಹೇಳಿ ಅತ್ತುಬಿಟ್ಟೆ.

"ಅದರಿಂದಾನೇ ಹಿಂಗ ಆಗ್ಯಾದ ಅಂತ ಯಾರಿಗೂ ಹೇಳ್ಲಾಕ ಬರಲ್ಲರಿ. ಅಳೂದು ಬಿಡ್ರಿ, ತಂಗೀನ ಕರ್ಕೊಂಡು ಬರ್ರಿ" ಎಂದರು. ಆಮೇಲೆ, "ಆಕಿಗಿ ಹೊಟ್ಟಿನೋವು ಏನರ ಅದ ಏನ್ರಿ?" ಎಂದು ಕೇಳಿದರು.

ಸಾಲಿಗೆ ಹೊರಟಾಗ ನೀನು ಹೊಟ್ಟೆ ಹಿಡಿದುಕೊಂಡು ಕೂತರೆ "ನಾಟಕ ಮಾಡಬ್ಯಾಡ, ಏಳ" ಎಂದು ಬೈದವಳು ನಾನೇ. ಕಾಲೇಜು ಬಿಟ್ಟಾಗಿನಿಂದ ನೀನು ಒಮ್ಮೆಯೂ ನೋವೆಂದಿಲ್ಲ. ವಾಸಿಯಾಯಿತು ಅಂದುಕೊಂಡಿದ್ದೆವು. ನೀನು ಹೇಳುವುದನ್ನೇ ಬಿಟ್ಟಿದ್ದೀ ಅಂತ ಅಲ್ಲಿ ನಿಂತಾಗ ಹೊಳೆಯಿತು.

ಮಂಗಳವಾರ ರಜೆ ಹಾಕಿದ್ದೇನೆ, ಔರಾದಿನ ಬಸ್ಸಿಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ಕೂರುತ್ತೇನೆ, ನನ್ನ ಹಟ ನಿನಗೆ ಗೊತ್ತೇ ಇದೆ. ಬೈಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಎಲ್ಲಿ ನೋಯುತ್ತದೆ ಅಂತ ಅಷ್ಟು ಹೇಳು. ಈ ಸಲ ನಂಬುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನನ್ನವ್ವಾ.

ನಿನ್ನ ಅಕ್ಕ,
ಜಿಜಾ