ಎಡಗಡೆಯ ಕಿಟಕಿ

ಮನೆಯಿಂದ, ಊಟದ ಮೇಜು
ಭಾನುವಾರ, ಹದಿನೇಳನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ಭಾವನವರಾದರೂ ಗದರುತ್ತಾರೋ, ಅವರೂ ನಿನಗೆ ಹೆದರಿ ಸುಮ್ಮನಿದ್ದಾರೋ. ನನ್ನ ಆರೋಗ್ಯಕ್ಕೆ ಏನೂ ಆಗಿಲ್ಲ, ತಾಳ್ಮೆಯೊಂದು ಕೆಟ್ಟಿದೆ. ಅದಕ್ಕೆ ಕಾರಣ ನೀನು ಒಪ್ಪಿಸಿದ ಕೆಲಸ.

ಕಣ್ಣಿನ ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಈ ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಅಮ್ಮನಿಗೆ ಉಳಿದಿರುವ ದೃಷ್ಟಿಯೂ ಹೋದಂತೆಯೇ. ಇಪ್ಪತ್ತೈದನೇ ತಾರೀಖು ಕೊಟ್ಟಿದ್ದಾರೆ. ಅವಳು ಮಾತ್ರ, "ನನ್ನ ಕಣ್ಣಿಗೇನಾಗಿದೆ? ನಿನ್ನ ತಲೇಲಿರೋ ಬಿಳಿಕೂದಲು ಇಲ್ಲಿಂದಲೇ ಎಣಿಸ್ತೀನಿ" ಎನ್ನುತ್ತಾಳೆ. ಅಷ್ಟಕ್ಕೇ ಬಿಡದೆ ಸೂಜಿಗೆ ದಾರ ಪೋಣಿಸಿ ತೋರಿಸುತ್ತಾಳೆ. ನಲವತ್ತು ವರ್ಷ ಊರವರ ಬಟ್ಟೆ ಹೊಲಿದವಳು, ಕಣ್ಣು ಮುಚ್ಚಿಕೊಂಡೂ ಪೋಣಿಸಬಲ್ಲಳು, ಅದು ಸಾಕ್ಷಿಯಾಗುವುದಿಲ್ಲ. ಮನೆಯೊಳಗಿನ ಒಂದೊಂದು ಕುರ್ಚಿಯೂ ಅವಳಿಗೆ ಬಾಯಿಪಾಠ. ಅದಕ್ಕೇ ನೀನು ಬರೆದೆ: ಗೊತ್ತಿಲ್ಲದ ಕಡೆ ಕರೆದುಕೊಂಡು ಹೋಗು, ಕಡಲ ದಾರಿಯ ಬಸ್ಸಿನಲ್ಲಿ ಕೂರಿಸು, ಏನು ಕಾಣುತ್ತದೆ ಏನು ಕಾಣುವುದಿಲ್ಲ ಗಮನಿಸು, ಕಾಣುವುದಿಲ್ಲ ಎಂದು ಖಾತ್ರಿಯಾದರೆ ನಾನೇ ಬಂದು ಒಪ್ಪಿಸುತ್ತೇನೆ ಎಂದು. ದೂರದಲ್ಲಿ ಕೂತು ಬರೆಯುವುದು ಸುಲಭ.

ನಿನ್ನೆ ಹೋದೆವು. ಸೀಟು ನಾನೇ ಆರಿಸಿ ಕಾದಿರಿಸಿದ್ದೆ. ನಕ್ಷೆ ಬಿಡಿಸಿ ನೋಡಿದಾಗ ಸಮುದ್ರ ಎಡಕ್ಕಿತ್ತು, ಎಡಗಡೆಯ ಎರಡು ಸೀಟು ಹಿಡಿದೆ. ನಾವು ಹೋಗುವುದು ನಕ್ಷೆಯ ಮೇಲಿನಿಂದ ಕೆಳಕ್ಕೆ, ಹಾಗೆ ಇಳಿಯುವವನಿಗೆ ಸಮುದ್ರ ಬಲಕ್ಕೆ ಬೀಳುತ್ತದೆ ಎಂಬುದು ಹೊಳೆದದ್ದು ಬಸ್ಸು ಊರು ದಾಟಿದ ಮೇಲೆ. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ನಕ್ಷೆ ಬರೆದವನು ನಾನು. ಕಾಗದವನ್ನು ಮೇಲಿನಿಂದ ಬಗ್ಗಿ ನೋಡಿಯೇ ಅಭ್ಯಾಸ. ಅದರೊಳಗೆ ಕೂತು ಹೋಗುವವನ ಎಡ ಬಲ ಯಾವುದೆಂದು ಒಂದು ದಿನವೂ ಯೋಚಿಸಿದವನಲ್ಲ. ಇದು ಬರೀ ಬಸ್ಸಿನ ವಿಷಯವಲ್ಲ ಎಂದು ನೀನು ಹೇಳಹೊರಡುತ್ತೀಯ. ಬೇಡ, ಹೇಳಬೇಡ.

ನಮ್ಮ ಕಡೆ ಇದ್ದದ್ದು ಬೆಟ್ಟ ಕಡಿದು ಮಾಡಿದ ಗೋಡೆ. ಕಲ್ಲು ಉರುಳದಂತೆ ತಂತಿಯ ಬಲೆ ಹೊದಿಸಿದ ಕಪ್ಪು ಗೋಡೆ, ಕೈ ಚಾಚಿದರೆ ತಾಗುವಷ್ಟು ಹತ್ತಿರ. ಸಮುದ್ರದ ಕಡೆಯ ಸೀಟಿನಲ್ಲಿ ಔಷಧಿ ಮಾರುವವನೊಬ್ಬ ಪರದೆ ಎಳೆದುಕೊಂಡು ಬಾಯಿ ತೆರೆದು ಮಲಗಿದ್ದ. ಎಬ್ಬಿಸಿ ಸೀಟು ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದರೆ, "ವಾರಕ್ಕೆ ನಾಲ್ಕು ಸಲ ನೋಡ್ತೀನಿ ಸಾರ್, ಅದೇ ನೀರು" ಎಂದು ಮತ್ತೆ ಕಣ್ಣು ಮುಚ್ಚಿದ. ನೋಡುವುದಿಲ್ಲ, ಬಿಡುವುದೂ ಇಲ್ಲ. ಕಂಡಕ್ಟರನನ್ನು ಕರೆದೆ. "ಸಮುದ್ರಕ್ಕೆ ಅಂತ ನಾವು ಟಿಕೆಟ್ ಕೊಡಲ್ಲ ಸಾರ್. ನಂಬರ್ ಎಲ್ಲಿದೆಯೋ ಅಲ್ಲಿ ಕೂತ್ಕೊಳ್ಳಿ" ಎಂದ. ಬಸ್ಸೆಲ್ಲ ನಕ್ಕಿತು.

ಆಗಲೇ ಅಮ್ಮ ಕಿಟಕಿಗೆ ಮುಖ ಒತ್ತಿ, "ಎಷ್ಟು ದೊಡ್ಡದೋ! ಒಂದು ಗಳಿಗೆ ಸುಮ್ಮನಿರಲ್ಲ ನೋಡು, ನಿಮ್ಮಕ್ಕನ ಹಾಗೆ" ಎಂದಳು. ಎದುರಿಗೆ ಗೋಡೆ. ಬಲೆಯ ತಂತಿಗಳು ಹಿಂದಕ್ಕೆ ಓಡುತ್ತಿದ್ದವು. ಅದನ್ನೇ ಅಲೆ ಎಂದುಕೊಂಡಳೋ ಏನೋ. ಎರಡು ಗಂಟೆ ಕಾಲ ಆ ಗೋಡೆಯನ್ನು ಹೊಗಳಿದಳು. ನಡುವೆ ಒಮ್ಮೆ, "ಈ ನೀಲಿಯಲ್ಲಿ ಒಂದು ಸೀರೆ ಸಿಕ್ಕಿದ್ದರೆ!" ಎಂದಳು. ಅವಳ ಮುಖ ನೋಡಿದೆ. ಅಲ್ಲಿ ಏನೂ ಬರೆದಿರಲಿಲ್ಲ.

ವಾಪಸು ಬರುವಾಗ ಅದೇ ನಂಬರಿನ ಸೀಟುಗಳು. ಈ ಸಲ ಸಮುದ್ರ ನಮ್ಮ ಕಿಟಕಿಗೇ ಬಂತು. ಇನ್ನಾದರೂ ನಿಜ ತಿಳಿಯಲಿ ಎಂದುಕೊಂಡರೆ, ಅಮ್ಮ ಗಾಜಿಗೆ ತಲೆ ಆನಿಸಿ ಊರು ಬರುವವರೆಗೂ ನಿದ್ದೆ. ಇಡೀ ಕಡಲು ಅವಳ ಕಿವಿಯ ಪಕ್ಕದಲ್ಲಿ ದಂಡಕ್ಕೆ ಹೊಳೆಯುತ್ತಿತ್ತು. ನಾನೊಬ್ಬನೇ ನೋಡಿದೆ. ಸಿಟ್ಟಿನಲ್ಲಿ ನೋಡಿದ್ದರಿಂದ ಚೆನ್ನಾಗಿತ್ತೋ ಇಲ್ಲವೋ ಹೇಳಲಾರೆ.

ಹೀಗಾಗಿ ನಿನ್ನ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಕಾಣದೆ ಹೊಗಳಿದಳೋ, ನಾನು ಪೆಚ್ಚಾಗಬಾರದೆಂದು ಹೊಗಳಿದಳೋ, ಇದು ಪರೀಕ್ಷೆ ಎಂದು ತಿಳಿದು ನನ್ನನ್ನೇ ಆಟವಾಡಿಸಿದಳೋ. ಚಿಕ್ಕಂದಿನಲ್ಲಿ ನಾನು ಸೊಟ್ಟ ಗೆರೆ ಎಳೆದಾಗಲೂ "ದಾರ ಹಿಡಿದ ಹಾಗಿದೆ" ಎಂದವಳು ಅವಳು. ಖಾತ್ರಿಯಿಲ್ಲದೆ ಆ ಕಾಲಿನಲ್ಲಿ ನಿನ್ನನ್ನು ಕರೆಸಲು ಮನಸ್ಸು ಒಪ್ಪುತ್ತಿಲ್ಲ. ನನ್ನ ಪತ್ರಗಳನ್ನೆಲ್ಲ ಅವಳೇ ಓದಿ, ಕೊನೆಯಲ್ಲಿ ಆಶೀರ್ವಾದದ ಎರಡು ಸಾಲು ಸೇರಿಸುವುದು ರೂಢಿ. ಈ ಸಲ ತೋರಿಸುವುದಿಲ್ಲ; ಓದಿದಳೆಂದರೆ ಐವತ್ತರ ವಯಸ್ಸಿನಲ್ಲಿ ಕಿವಿ ಹಿಂಡಿಸಿಕೊಳ್ಳಬೇಕು.

ಭಾವನವರಿಗೆ ನಮಸ್ಕಾರ. ಮಕ್ಕಳಿಗೆ ಸೋದರಮಾವ ಇನ್ನೂ ಬದುಕಿದ್ದಾನೆಂದು ನೆನಪಿಸು.

ನಿನ್ನ ತಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಹೊತ್ತಿಗೆ ಅಮ್ಮ ಬಂದು ಕೈ ಚಾಚಿದಳು. "ಕೊಡು ಇಲ್ಲಿ, ನನ್ನ ಎರಡು ಸಾಲು ಯಾರು ಬರೀತಾರೆ, ನೀನಾ?" ಕೊಡದೆ ವಿಧಿಯಿರಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ನಿಂತೆ. ಕನ್ನಡಕ ಏರಿಸಿ, ಸಾಲಿನಿಂದ ಸಾಲಿಗೆ ತಲೆ ಸರಿಸುತ್ತ, ಹೊತ್ತಿಗೆ ಸರಿಯಾಗಿ ಹಾಳೆ ತಿರುವುತ್ತ ಎಲ್ಲ ಮುಗಿಸಿದಳು. "ಚೆನ್ನಾಗಿ ಬರೆದಿದೀಯ. ಸಮುದ್ರದ ವಿಷಯ ಇನ್ನೂ ಸ್ವಲ್ಪ ಬರೀಬಹುದಿತ್ತು" ಎಂದಳು. ಬೈಯಲಿಲ್ಲ ಅಕ್ಕಾ. ಪೆನ್ನು ತೆಗೆದುಕೊಂಡು ಬರೆದಳು. ಕೊನೆಯ ಹಾಳೆ ಅರ್ಧಕ್ಕಿಂತ ಹೆಚ್ಚು ಖಾಲಿಯಿತ್ತು. ಇಪ್ಪತ್ತೈದರೊಳಗೆ ಬಾ, ಕಾಲು ನೋಯುತ್ತಿದ್ದರೂ ಸರಿ. ನನ್ನ ಬರಹದ ನಡುವೆ ಅಕ್ಷರದ ಮೇಲೆ ಅಕ್ಷರ ಕೂತು ನಿನಗೆ ಓದಲಾಗದೆ ಹೋದ ಎರಡು ಸಾಲು ಇವೆಯಲ್ಲ, ಅವು ಅವಳ ಆಶೀರ್ವಾದ.