ಏರುವಾಗ ಒಂದು, ಇಳಿಯುವಾಗ ಒಂದು

ಬುಧವಾರ, ಮಧ್ಯಾಹ್ನ ಒಂದೂವರೆ
ಲಿಫ್ಟಿನ ಸ್ಟೂಲಿನ ಮೇಲಿಂದ

ನನ್ನ ಸಿಡುಕಿ ಟೀಚರಮ್ಮನಿಗೆ,

ಅಮ್ಮನ ಪ್ರೀತಿಯ ಒಂದು ಗುದ್ದು. ಫೋನ್ ಎತ್ತುತ್ತಿಲ್ಲ ನೀನು, ಅದಕ್ಕೇ ಕಾಗದ. ಊಟದ ಡಬ್ಬಿ ಇನ್ನೂ ಮುಚ್ಚಳ ತೆಗೆದಿಲ್ಲ.

ನಿನ್ನ ಪತ್ರ ನಿನ್ನೆ ಬಂತು. ಬಾವಲಿ ಹುಟ್ಟು ಕುರುಡು ಎಂದು ಕ್ಲಾಸಿನಲ್ಲಿ ಹೇಳಿದೆಯಂತೆ. ಎರಡನೇ ಬೆಂಚಿನ ಹುಡುಗಿ ಪುಸ್ತಕ ತೆರೆದು, ಇಲ್ಲ ಮಿಸ್, ಅದಕ್ಕೆ ಕಣ್ಣು ಕಾಣ್ಸುತ್ತೆ ಅಂದಳಂತೆ. ತಪಾಸಣೆಗೆ ಬಂದ ಅಧಿಕಾರಿ ಹಿಂದೆಯೇ ಕೂತಿದ್ದರಂತೆ. ಇದನ್ನೆಲ್ಲಿ ಕಲಿತಿರಿ ಎಂದು ಅವರು ಮಕ್ಕಳೆದುರೇ ಕೇಳಿದರಂತೆ. ರಾಜೀನಾಮೆ ಬರೆದಿಟ್ಟಾಗಿದೆ, ಸೋಮವಾರ ಕೊಡುವುದಂತೆ. ಸಾಲದ್ದಕ್ಕೆ, ನೀನು ಕಲಿಸಿದ್ದೆಲ್ಲ ಬರೀ ಸುಳ್ಳು ಅಮ್ಮ ಎಂದು ಕೊನೆಯಲ್ಲಿ ನನಗೊಂದು ಬಾಣ.

ಅಲ್ವೇ ಮಹಾರಾಯ್ತಿ, ಯಾರಿಗೆ ಹೇಳುತ್ತಿದ್ದೀಯ? ಇಪ್ಪತ್ತೆರಡು ವರ್ಷದಿಂದ ಈ ಲಿಫ್ಟ್ ನಡೆಸುತ್ತ ಒಂಬತ್ತು ಮಹಡಿಗೆ ದಿನಕ್ಕೊಂದು ಸಂಗತಿ ಹಂಚಿದವಳು ನಾನು. ಆರನೇ ಮಹಡಿಯ ನಕಾಶೆ ಕಚೇರಿಯಲ್ಲಿರುವ ವಿಶ್ವಕೋಶ ನೋಡದೆ ಒಂದಕ್ಷರ ಬಾಯಿಬಿಟ್ಟವಳಲ್ಲ. ಮೂರನೇ ಮಹಡಿಯ ಕಣ್ಣಿನ ಡಾಕ್ಟರು ತಮ್ಮ ಕನ್ನಡಕವನ್ನು ಮನೆಯಲ್ಲಿ ಮರೆತು ಬಂದ ದಿನವೂ ಇವತ್ತಿನದೇನಮ್ಮಾ ಎಂದು ಕೇಳಲು ಮರೆತಿಲ್ಲ. ಹಾಗಾಗಿ ಸಿಟ್ಟು ನೆತ್ತಿಗೇರಿ, ನಿನಗೆ ಬುದ್ಧಿ ಹೇಳಬೇಕೆಂದೇ ನನ್ನ ನೋಟ್‌ಬುಕ್ ತೆಗೆದೆ.

ನೋಟ್‌ಬುಕ್ ನಿನಗೆ ಗೊತ್ತಲ್ಲ. ಎಡಗಡೆಯ ಪುಟದಲ್ಲಿ ಲಿಫ್ಟ್ ಏರುವಾಗ ಹೇಳುವುದು, ಅಂದರೆ ಜನ ನಂಬಿಕೊಂಡಿರುವುದು. ಬಲಗಡೆ ಇಳಿಯುವಾಗಿನದ್ದು, ಅಂದರೆ ನಿಜ. ಏರುವಾಗ, ನೆಪೋಲಿಯನ್ ಬಲು ಕುಳ್ಳ. ಇಳಿಯುವಾಗ, ಇಲ್ಲ, ಅವನ ಕಾಲದ ಗಂಡಸರ ಎತ್ತರವೇ ಅವನದೂ. ಏರುವಾಗ, ಚಾವಿ ಅನ್ನೋದು ನಮ್ಮದೇ ಪದ. ಇಳಿಯುವಾಗ, ಅದು ಪೋರ್ಚುಗೀಸರ ಮಾತಿನಿಂದ ಬಂದದ್ದು. ಸಂಜೆಯವರೆಗೆ ಕಾಯಿಸಿದರೆ ಸಂಗತಿ ತಲೆಯಲ್ಲಿ ನಿಲ್ಲುತ್ತದೆ ಎಂದು ನಾನೇ ಕಂಡುಕೊಂಡ ಉಪಾಯ ಅದು. ಬಾವಲಿಯ ಪುಟ ತೆರೆದರೆ ಎಡಗಡೆ ಕುರುಡು, ಬಲಗಡೆ ಕಣ್ಣು ಕಾಣುತ್ತದೆ. ಎಲ್ಲ ಸರಿಯಾಗಿಯೇ ಇತ್ತು.

ಆಗ ಹೊಳೆಯಿತು ನೋಡು. ನೀನು ಸ್ಕೂಲು ಬಿಟ್ಟು ಬಂದು ನನ್ನ ಜೊತೆ ಏರುತ್ತಿದ್ದೆ. ನಕಾಶೆ ಕಚೇರಿಯ ಖಾಲಿ ಮೇಜಿನ ಮೇಲೆ ಹೋಂವರ್ಕ್ ಮಾಡುತ್ತಿದ್ದೆ. ಇಳಿಯುವಾಗ ಮಾತ್ರ ಲಿಫ್ಟ್ ಬೇಡವೇ ಬೇಡ ಎಂದು ಹಟ ಮಾಡಿ, ಬ್ಯಾಗು ಹೆಗಲಿಗೇರಿಸಿ ನೂರ ಮೂವತ್ತೆರಡು ಮೆಟ್ಟಿಲು ಎಣಿಸಿಕೊಂಡು ಬರುತ್ತಿದ್ದೆ. ಅಯ್ಯೋ ನನ್ನ ಕರ್ಮವೇ! ಎಂಟು ವರ್ಷ ನೀನು ಕೇಳಿದ್ದು ಬರೀ ಎಡಗಡೆಯ ಪುಟ! ನನ್ನ ಸಿಟ್ಟೆಲ್ಲ ಜರ್‍ರನೆ ಇಳಿಯಿತು. ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ, ಆಮೇಲೆ ಆ ನೀರು ನಗುವಿನದಾಗಿ ಉಳಿಯಲಿಲ್ಲ.

ನೀನು ಹಾಸ್ಟೆಲಿನಲ್ಲಿದ್ದಾಗ ನಡೆದದ್ದೊಂದು ಹೇಳುತ್ತೇನೆ. ಆ ದಿನದ ಸಂಗತಿ ಒಂಟೆ. ಏರುವಾಗ, ಡುಬ್ಬದ ತುಂಬ ನೀರು. ಎಲ್ಲರನ್ನೂ ಮೇಲೆ ಬಿಟ್ಟು ಮುಗಿಸುವಷ್ಟರಲ್ಲಿ ಲಿಫ್ಟ್ ಕೆಟ್ಟು ನಿಂತಿತು. ಇನ್ನು ಇಡೀ ಕಟ್ಟಡ ಮೆಟ್ಟಿಲಿಳಿದು ಸುಳ್ಳು ಹೊತ್ತುಕೊಂಡು ಮನೆಗೆ ಹೋಗುತ್ತದಲ್ಲ! ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂಬತ್ತು ಮಹಡಿ ಹತ್ತಿ, ಬಾಗಿಲು ಬಾಗಿಲಿಗೂ ನಿಂತು, ಬೆಳಿಗ್ಗೆ ಹೇಳಿದ್ದು ಸರಿಯಲ್ಲ ಸಾರ್, ಡುಬ್ಬದಲ್ಲಿರೋದು ಕೊಬ್ಬು ಎಂದೆ. ನಿಂಗೇನು ತಲೆ ಕೆಟ್ಟಿದ್ಯಾ ಎಂದು ಕಟ್ಟಡದ ಮ್ಯಾನೇಜರ್ ರೇಗಿದರು. ಮಂಡಿ ಎರಡು ದಿನ ನೋಯಿತು. ಆದರೆ ಮಾರನೇ ಬೆಳಿಗ್ಗೆ ಲಿಫ್ಟ್ ರಿಪೇರಿಯಾದದ್ದೇ ತಡ, ಆ ದಿನದ ಸಂಗತಿ ಕೇಳಲು ಮುಖ್ಯದ್ವಾರದವರೆಗೆ ಸಾಲು! ಅಲ್ಲಿಯವರೆಗೆ ತಲೆ ಕೂಡ ಎತ್ತದಿದ್ದ ಎಂಟನೇ ಮಹಡಿಯ ವಕೀಲರು ನನಗೆ ನಮಸ್ಕಾರ ಮಾಡಿದ್ದು ಅಂದೇ ಮೊದಲು.

ಅದಕ್ಕೇ ಹೇಳುತ್ತೇನೆ, ಸೋಮವಾರ ಆ ರಾಜೀನಾಮೆಯನ್ನು ಹರಿದು ಬಿಸಾಕು. ಸೀದಾ ಕ್ಲಾಸಿಗೆ ಹೋಗಿ, ನಾನು ಹೇಳಿದ್ದು ತಪ್ಪು ಮಕ್ಕಳೇ ಎನ್ನು. ಆ ಎರಡನೇ ಬೆಂಚಿನವಳನ್ನು ಕರೆದು ನಿಜವನ್ನು ಬೋರ್ಡಿನ ಮೇಲೆ ಅವಳ ಕೈಯಲ್ಲೇ ಬರೆಸು. ನೋಟ್‌ಬುಕ್ಕನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಬಲಗಡೆಯ ಪುಟಗಳನ್ನು ಓದಿಕೋ.

ನನ್ನ ಮಗಳು ಟೀಚರ್ ಎಂದು ಈ ಲಿಫ್ಟಿನಲ್ಲಿ ಹೇಳದ ದಿನವಿಲ್ಲ ಕಣೇ. ಏರುವಾಗಲೂ ಅದನ್ನೇ ಹೇಳುತ್ತೇನೆ, ಇಳಿಯುವಾಗಲೂ ಅದನ್ನೇ. ಅದನ್ನು ಬದಲಾಯಿಸುವ ಕೆಲಸ ನನಗೆ ಹಚ್ಚಬೇಡ.

ಇಂತು, ಹೊಟ್ಟೆ ಹಸಿದಿರುವ, ಆದರೂ ತಲೆ ಎತ್ತಿಯೇ ಕೂತಿರುವ
ನಿನ್ನ ಅಮ್ಮ

ತಾ.ಕ.: ಇಳಿಯುವಾಗ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗುತ್ತೆ ಎಂದು ನೀನು ಅಳುತ್ತಿದ್ದೆ. ಅಂಜುಬುರುಕಿ, ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದೆಯೋ ಎಂದು ನಾನು ಎಲ್ಲರೆದುರು ನಗುತ್ತಿದ್ದೆ. ನನಗೂ ಹಾಗೇ ಆಗುತ್ತದೆ, ಮೊದಲ ದಿನದಿಂದ ಇವತ್ತಿನವರೆಗೂ. ಆ ಭಯ ಮರೆಯಲೆಂದೇ ಇಳಿಯುವಾಗ ಮಾತು ಶುರು ಮಾಡಿದ್ದು; ಉಪಾಯಗಿಪಾಯ ಎಲ್ಲ ಆಮೇಲಿನ ಜಂಬ. ನಂಗೂ ಭಯ, ನನ್ನ ಕೈ ಹಿಡ್ಕೋ ಎಂದು ಆಗಲೇ ಬಾಯಿಬಿಟ್ಟಿದ್ದರೆ ನೀನು ನನ್ನ ಜೊತೆ ಇಳಿಯುತ್ತಿದ್ದೆ, ಬಾವಲಿಗೆ ಕಣ್ಣೂ ಬರುತ್ತಿತ್ತು. ತಪ್ಪು ನನ್ನದು. ಇದನ್ನೂ ಬಲಗಡೆಯ ಪುಟಕ್ಕೆ ಬರೆದುಕೋ.