ಏಳನೆಯ ಪ್ರಶ್ನೆಗೆ ಉತ್ತರ

ಮೇಲಿನ ಕೇರಿ
ಮಂಗಳವಾರ, ಫೆಬ್ರವರಿ ೧೮

ನನ್ನ ಮುದ್ದಿನ ತಂಗಿ ಮೊಸ್ಖೂಲಾ,

ಪಿರಿಯಸ್ ಬಂದರಿನ ಆ ಹಡಗುಗಳ ಗದ್ದಲದಲ್ಲಿ ನೀನೂ ನಿನ್ನ ಗಂಡನೂ ಸುಖವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಮನೆಯಲ್ಲಿ ಫೋನಿಟ್ಟುಕೊಂಡು ಅಕ್ಕ ಯಾಕೆ ಕಾಗದ ಬರೆದಳೆಂದು ಹುಬ್ಬೇರಿಸಬೇಡ. ಫೋನಿನಲ್ಲಿ ನನ್ನ ದನಿ ಹೇಗೆಂದು ನಿನಗೆ ಗೊತ್ತು. ಕೇರಿಯ ಈ ತುದಿಯಲ್ಲಿ ನಾನು ಹಲೋ ಎಂದರೆ ಆ ತುದಿಯ ಕತ್ತೆ ತಿರುಗಿ ನೋಡುತ್ತದೆ. ಕಾಫಿ ಅಂಗಡಿಯ ಅಂಗಳದಲ್ಲಿ ರಾಜನ ವೇಷ ಕಟ್ಟಿ ಸಿಡಿಲಿನಂತೆ ಗರ್ಜಿಸುತ್ತಿದ್ದ ಅಪ್ಪನ ಮಗಳು ನಾನು. ಮೆಲ್ಲಗೆ ಮಾತಾಡುವ ವಿದ್ಯೆ ನಮ್ಮ ಮನೆಗೆ ಬರಲೇ ಇಲ್ಲ. ಈಗ ಹೇಳಬೇಕಾಗಿರುವುದು ಕೂಗಿ ಹೇಳುವ ಮಾತಲ್ಲ.

ನಾಡಿದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ, ನಮ್ಮ ದ್ವೀಪದ ಕೆಳಗಿನ ಬಂದರಿನ ಆಸ್ಪತ್ರೆಯಲ್ಲಿ ನನ್ನ ಮೂಳೆಗಳ ಸ್ಕ್ಯಾನ್. ಅವು ಗಟ್ಟಿಯಾಗಿವೆಯೋ ಟೊಳ್ಳಾಗಿವೆಯೋ ಎಂದು ಯಂತ್ರ ಅಳೆದು ಹೇಳುತ್ತದಂತೆ. ನವೆಂಬರಿನಲ್ಲಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆನೆಂದು ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ನಾನು ಬೀಳಲಿಲ್ಲ. ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಿಟಕಿಯ ಬಾಗಿಲನ್ನು ಹಿಡಿದೆಳೆದೆ, ಅಷ್ಟೇ. ಒಣ ರೊಟ್ಟಿ ಮುರಿದ ಹಾಗೆ ಸದ್ದಾಯಿತು. ಕೈ ಬಿಗಿದು ಕಟ್ಟುತ್ತಾ ಡಾಕ್ಟರಮ್ಮ, "ಕಿಟಕಿ ಎಳೆದ್ರೆ ಕಿಟಕಿ ಮುರೀಬೇಕು ಅಮ್ಮಾ, ಕೈ ಅಲ್ಲ. ಇದನ್ನ ಅಳತೆ ಮಾಡಿಸ್ಲೇಬೇಕು" ಅಂದಳು.

ಅಲ್ಲಿಂದ ಶುರುವಾಯಿತು ನೋಡು ಸಿದ್ಧತೆ. ಯುದ್ಧಕ್ಕೆ ಹೊರಟ ಸೇನಾಪತಿಗೂ ಇಷ್ಟು ಸಿದ್ಧತೆ ಇರಲಿಕ್ಕಿಲ್ಲ. ಆಸ್ಪತ್ರೆಯ ಹುಡುಗಿ ಫೋನು ಮಾಡಿ, ಹಿಂದಿನ ದಿನ ಸುಣ್ಣದ ಮಾತ್ರೆ ನುಂಗಬಾರದು ಅಂದಳು, ಕ್ಯಾಲ್ಸಿಯಂ ಮಾತ್ರೆ. ನಾನದನ್ನು ಪಕ್ಕದ ಮನೆ ಕನೆಲ್ಲಾಳಿಗೆ ಹೇಳಿದೆ. ಆ ಪುಣ್ಯಾತ್ಗಿತ್ತಿ ಬಾಗಿಲ ಚೌಕಟ್ಟು ಹಿಡಿದುಕೊಂಡು, "ಚೀಸಲ್ಲಿ ಇರೋದೂ ಸುಣ್ಣಾನೇ ಕಣೇ, ಮೊಸರಲ್ಲಿ ಇರೋದೂ ಸುಣ್ಣಾನೇ. ಹೊಟ್ಟೇಲಿ ಇಟ್ಕೊಂಡು ಹೋದ್ರೆ ಯಂತ್ರಕ್ಕೆ ಮೋಸ ಮಾಡ್ದಂಗೆ" ಎಂದು ತೀರ್ಪು ಕೊಟ್ಟಳು. ಸರಿ, ಈಸ್ಟರಿನ ಉಪವಾಸ ಇನ್ನೂ ಶುರುವಾಗುವ ಮೊದಲೇ ನನ್ನ ಉಪವಾಸ ಶುರು. ಎಂಟು ದಿನ ಹಾಲಿಲ್ಲ, ಚೀಸಿಲ್ಲ, ಬೇಯಿಸಿದ ಸೊಪ್ಪು ಮತ್ತು ಆಲಿವ್. ಒಂಬತ್ತನೇ ದಿನ ತಡೆಯಲಾರದೆ ಆ ಹುಡುಗಿಗೆ ಫೋನು ಮಾಡಿ, ಬರುವಾಗ ನೀರಾದರೂ ಕುಡಿಯಬಹುದೇ ಎಂದು ಕೇಳಿದೆ. ಅವಳು ನಕ್ಕ ನಗು ನಿನಗೂ ಕೇಳಿಸಿರಬೇಕು. "ಚೀಸ್ ತಿನ್ನಿ, ಮೊಸರು ತಿನ್ನಿ, ಹೊಟ್ಟೆ ತುಂಬಾ ತಿಂದ್ಕೊಂಡು ಬನ್ನಿ ಅಮ್ಮಾ. ಮಾತ್ರೆ ಒಂದು ಬೇಡ ಅಷ್ಟೇ" ಅಂದಳು.

ಮೈಮೇಲೆ ಲೋಹ ಇರಕೂಡದಂತೆ. ಕೊಕ್ಕೆ, ಜಿಪ್ಪು, ಉಂಗುರ ಎಲ್ಲ ತೆಗೆಯಬೇಕು. ಒಳಲಂಗಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡಿರುವ ಸಂತ ಪರಸ್ಕೆವಿಯ ತಾಯಿತವನ್ನೂ ತೆಗೆಯಬೇಕೇ ಎಂದು ಕೇಳಿದೆ. "ಸಂತಳು ಇರಲಿ, ಪಿನ್ನು ತೆಗೀರಿ" ಅಂದಳು. ಎತ್ತರವನ್ನೂ ಅಳೆಯುತ್ತಾರಂತೆ. ಮೊನ್ನೆ ನಾನೇ ಗೋಡೆಗೆ ಬೆನ್ನು ಹಚ್ಚಿ ಗೆರೆ ಎಳೆದು ನೋಡಿದೆ. ಗುರುತಿನ ಚೀಟಿಯಲ್ಲಿರುವ ಕಲಿರೋಯಿಗಿಂತ ಈ ಕಲಿರೋಯಿ ನಾಲ್ಕು ಬೆರಳು ಗಿಡ್ಡ.

ಇಷ್ಟನ್ನೂ ನಗುನಗುತ್ತಾ ಬರೆದೆ. ಇನ್ನು ನಗಲಾರೆ.

ಆಸ್ಪತ್ರೆಯವರು ಒಂದು ಅರ್ಜಿ ಕಳಿಸಿದ್ದಾರೆ, ಮನೆಯಲ್ಲೇ ತುಂಬಿ ತರಬೇಕು. ಹನ್ನೆರಡು ಪ್ರಶ್ನೆ. ಸಿಗರೇಟು ಸೇದುತ್ತೀರಾ, ಮುಟ್ಟು ನಿಂತದ್ದು ಯಾವಾಗ, ಹಿಂದೆ ಏನಾದರೂ ಮುರಿದಿತ್ತೇ. ಆರನ್ನು ತುಂಬಿಸಿದೆ. ಏಳನೆಯದು ಹೀಗಿದೆ: ನಿಮ್ಮ ತಾಯಿಗೆ ಅಥವಾ ತಂದೆಗೆ ಸೊಂಟದ ಮೂಳೆ ಮುರಿದಿತ್ತೇ? ಹೌದು ಎಂಬುದಕ್ಕೊಂದು ಚೌಕ, ಇಲ್ಲ ಎಂಬುದಕ್ಕೊಂದು ಚೌಕ. ಐದು ದಿನದಿಂದ ಆ ಎರಡು ಚೌಕಗಳ ನಡುವೆ ನನ್ನ ಪೆನ್ನು ನಿಂತಿದೆ.

ಈ ಪ್ರಶ್ನೆ ನಿನ್ನನ್ನು ಕೇಳಿದ್ದರೆ ನೀನು ಇಲ್ಲ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ನಿನ್ನ ತಪ್ಪಲ್ಲ. ನಿನಗೆ ಗೊತ್ತಿರುವುದು ನಾನು ಹೇಳಿದ್ದಷ್ಟೇ.

ಒಂಬತ್ತು ವರ್ಷದ ಹಿಂದಿನ ಆ ಶನಿವಾರವನ್ನು ನೆನಪಿಸಿಕೋ. ಅವ್ವ ಮಣ್ಣಿಗೆ ಹೋಗಿ ಐದು ವರ್ಷ ತುಂಬಿತ್ತು. ಗೋರಿ ತೆಗೆದು ಮೂಳೆಗಳನ್ನು ದ್ರಾಕ್ಷಾರಸದಲ್ಲಿ ತೊಳೆದು ಪೆಟ್ಟಿಗೆಯಲ್ಲಿಡಬೇಕಿತ್ತು, ಊರಿನ ಎಲ್ಲರಿಗೂ ಮಾಡುವ ಹಾಗೆ. ನೀನು ಗೇಟಿನ ಬಳಿಯೇ ನಿಂತುಬಿಟ್ಟೆ. "ನಂಗಾಗಲ್ಲ ಅಕ್ಕಾ, ನೀನೇ ಮಾಡು" ಎಂದು ಬಾಟಲಿಯನ್ನು ನನ್ನ ಕೈಗೆ ಕೊಟ್ಟೆ. ನಾನು ಮೊಣಕಾಲೂರಿ ಒಂದೊಂದನ್ನೇ ತೊಳೆದೆ. ಎದ್ದು ಬಂದು ನಿನಗೆ ಹೇಳಿದೆ: ಮೇಣದ ಹಾಗೆ ಹಳದಿ, ಹಕ್ಕಿಯ ಗರಿಯ ಹಾಗೆ ಹಗುರ. ಪಾದ್ರಿ ನೆಕ್ತಾರಿಯೋಸರು ಪೆಟ್ಟಿಗೆ ಎತ್ತಿ ನೋಡಿ, "ನಿಮ್ಮವ್ವ ಅನೆಜಿನಾ ಭಾರ ಎಲ್ಲಾ ಇಳಿಸಿಟ್ಟು ಹೋಗವ್ಳೆ. ಕ್ಷಮೆ ಸಿಕ್ಕಿದ ಜೀವ ಇದು" ಅಂದರು. ನೀನು ಅವರ ಕೈಗೆ ಮುತ್ತಿಟ್ಟು ಅತ್ತೆ. ಅಂದಿನಿಂದ ಪಿರಿಯಸ್ಸಿನಲ್ಲಿ ಯಾರು ಸತ್ತರೂ ಆ ಮನೆಯವರಿಗೆ ಅವ್ವನ ಹಗುರ ಮೂಳೆಗಳ ಕಥೆ ಹೇಳಿ ಸಮಾಧಾನ ಮಾಡುತ್ತೀ. ನನಗೆ ಗೊತ್ತು, ನಿನಗೆ ಉಳಿದಿರುವ ಅವ್ವ ಅಷ್ಟೇ.

ಹಗುರ ಇದ್ದದ್ದು ನಿಜ ತಂಗಿ. ಆದರೆ ಹಗುರವಾದ ಮೂಳೆ ಎಂದರೇನೆಂದು ಈಗ ಡಾಕ್ಟರಮ್ಮ ನನಗೆ ಚಿತ್ರ ಬರೆದು ತೋರಿಸಿದ್ದಾಳೆ. ಪುಣ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅದು ಒಳಗೊಳಗೇ ತಿನ್ನುವ ರೋಗ, ತಾಯಿಯಿಂದ ಮಗಳಿಗೆ ಇಳಿಯುತ್ತದೆ.

ಇನ್ನೊಂದನ್ನು ನಾನು ಯಾರಿಗೂ ಹೇಳಲಿಲ್ಲ. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಅದರ ಗುಂಡು ಬೇರೆಯಾಗಿ ನನ್ನ ಅಂಗೈಗೆ ಬಂತು. ಮಣ್ಣಿನ ಭಾರಕ್ಕೆ ಮುರಿದಿರಬೇಕೆಂದು ಮೊದಲು ಅಂದುಕೊಂಡೆ. ಆಮೇಲೆ ಬೆರಳಾಡಿಸಿದೆ. ಮುರಿದ ಎರಡೂ ತುದಿಗಳು ನಯವಾಗಿದ್ದವು, ನೀರಲ್ಲಿ ಉರುಳಿದ ಕಲ್ಲಿನ ಹಾಗೆ. ಜೀವ ಇದ್ದಾಗಲೇ ಮುರಿದು, ಒಂದನ್ನೊಂದು ಉಜ್ಜಿ ಉಜ್ಜಿ ಸವೆದಿದ್ದವು.

ಉಜ್ಜಿಸಿದವರು ನಾವು.

ಅವ್ವ ತೀರಿಕೊಂಡ ವರ್ಷ, ಈಸ್ಟರಿನ ಉಪವಾಸದ ಮೊದಲ ಸೋಮವಾರ ಅಂಗಳದ ಮೆಟ್ಟಿಲಲ್ಲಿ ಜಾರಿದಳು. ಎತ್ತಿ ಕೂರಿಸಿದೆವು. ಮರುದಿನ ಕಿಬ್ಬೊಟ್ಟೆಯಲ್ಲಿ ಚೂರಿ ಆಡಿಸಿದಂತಾಗುತ್ತದೆ ಅಂದಳು. ಊರಲ್ಲಿ ಆಗ ಡಾಕ್ಟರೇ ಇರಲಿಲ್ಲ, ಹೊಟ್ಟೆನೋವೆಂದು ಸೀಮೆ ಶಾವಂತಿಗೆಯ ಕಷಾಯ ಕುಡಿಸಿದೆವು. ಮಲಗಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ನಡೆಸಿ ಎಂದು ಊರೆಲ್ಲ ಹೇಳಿತು. ಏಳು ವಾರ, ದಿನಕ್ಕೆ ಎರಡು ಸಲ, ನೀನೊಂದು ತೋಳು ನಾನೊಂದು ತೋಳು ಹಿಡಿದು ಅಂಗಳದಲ್ಲಿ ನಡೆಸಿದೆವು. ನಿನ್ನದು ಮೆತ್ತನೆಯ ಕೈ, "ಎರಡೇ ಹೆಜ್ಜೆ ಅವ್ವಾ, ಎರಡೇ" ಅನ್ನುತ್ತಿದ್ದೆ. ನಾನೋ, ಕೇರಿಗೆಲ್ಲ ಕೇಳುವ ಹಾಗೆ, "ಸಾಕು ಮಾಡು ನಿನ್ನ ನಾಟಕಾನ. ಅಪ್ಪನ್ನೇ ಮೀರಿಸ್ತೀಯಲ್ಲ" ಎಂದೆ. ಒಂದು ಸಲವಲ್ಲ, ದಿನವೂ ಎಂದೆ. ಕಾಫಿ ಅಂಗಡಿಯವರು ನಕ್ಕರು, ಅವರು ನಕ್ಕದ್ದಕ್ಕೆ ನಾನು ಇನ್ನೊಮ್ಮೆ ಹೇಳಿದೆ. ಅವ್ವ ತುಟಿ ಕಚ್ಚಿಕೊಂಡು ಹೆಜ್ಜೆ ಇಟ್ಟಳು. ಒಂದೇ ಒಂದು ದಿನ, "ನಿಧಾನ ಮಗಾ, ಬರ್ತಾ ಇದೀನಲ್ಲ" ಅಂದಳು. ನಾಲಿಗೆಗೆ ಎಲುಬಿಲ್ಲ, ಆದರೂ ಎಲುಬು ಮುರಿಯುತ್ತದೆ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ಗೋರಿಯ ಬಳಿ ಆ ಎರಡು ತುಂಡುಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಕೆಳಗಿಟ್ಟೆ. ನಿನಗೆ ಹೇಳಬಾರದೆಂದು ಅಲ್ಲಿಯೇ ನಿರ್ಧರಿಸಿದೆ. ಇದನ್ನು ಹೊರಲು ನಾನೊಬ್ಬಳು ಸಾಕು ಎಂದುಕೊಂಡೆ. ಇಂದಿಗೂ ಹಾಗೆಯೇ ಇರುತ್ತಿದ್ದೆ.

ಹೋದ ಗುರುವಾರ ಫೋನಿನಲ್ಲಿ ನೀನು ನಗುತ್ತಾ ಹೇಳಿದೆ: "ನನ್ನ ಲಂಗಗಳೆಲ್ಲ ಉದ್ದ ಆಗೋಗಿವೆ ಅಕ್ಕಾ, ನೆಲ ಗುಡಿಸ್ತಾವೆ. ದರ್ಜಿಗೆ ತಲೆ ಕೆಟ್ಟಿರಬೇಕು." ಬೆನ್ನು ಸ್ವಲ್ಪ ನೋಯುತ್ತದೆ, ಆದರೂ ಮೈ ಹಗುರ ಅನಿಸುತ್ತದೆ, ಅವ್ವನ ಹಾಗೆ ಎಂದೂ ಸೇರಿಸಿದೆ. ಲಂಗ ಬೆಳೆಯುವುದಿಲ್ಲ ಮೊಸ್ಖೂಲಾ. ನೀನು ಕುಗ್ಗುತ್ತಿದ್ದೀ.

ಹೇಳಿದರೆ ಅವ್ವನನ್ನು ನಿನ್ನಿಂದ ಕಿತ್ತುಕೊಂಡಂತೆ, ಆ ಏಳು ವಾರಗಳನ್ನು ನಿನ್ನ ಕೈಗೂ ಅಂಟಿಸಿದಂತೆ. ಹೇಳದಿದ್ದರೆ ಒಂದು ದಿನ ನೀನು ಒಂದು ಬಕೆಟ್ಟು ಎತ್ತುತ್ತೀ, ಅಷ್ಟೇ. ಐದು ದಿನ ಮೂರನೇ ದಾರಿ ಹುಡುಕಿದೆ. ಪಾದ್ರಿಯ ಹತ್ತಿರವೂ ಹೋದೆ. ಅವರು, "ಕಲಿರೋಯಿ, ಅರ್ಜಿಗೆ ಪಾಪನಿವೇದನೆ ಮಾಡ್ಕೋಬೇಡ, ತಂಗಿಗೆ ಮಾಡ್ಕೋ" ಎಂದು ಬಾಗಿಲ ತನಕ ಕಳಿಸಿಕೊಟ್ಟರು. ಇಷ್ಟು ದೊಡ್ಡ ದನಿ ಕೊಟ್ಟ ದೇವರು ಈ ಒಂದು ಮಾತಿಗೆ ನನ್ನಲ್ಲಿ ಉಸಿರಿಡಲಿಲ್ಲ. ಅದಕ್ಕೇ ಕಾಗದ.

ಕ್ಷಮಿಸು ಎಂದು ಬರೆಯುವುದಿಲ್ಲ. ನಿನಗೆ ಕೋಪ ಬಂದರೆ ಬರಲಿ. ಫೋನು ಮಾಡದಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ಸ್ಕ್ಯಾನ್ ಮಾಡಿಸು. ಜಿಪ್ಪಿಲ್ಲದ ಲಂಗ ಹಾಕಿಕೊಂಡು, ಹೊಟ್ಟೆ ತುಂಬ ತಿಂದು ಹೋಗು.

ನಿನ್ನ ಅಕ್ಕ,
ಕಲಿರೋಯಿ

ಮರೆತ ಮಾತು: ಇಂದು ಗುರುವಾರ. ಕಾಗದವನ್ನು ಅಂಚೆಗೆ ಹಾಕುವ ಧೈರ್ಯವಾಗದೆ ಆಸ್ಪತ್ರೆಗೆ ಜೊತೆಗೇ ಒಯ್ದಿದ್ದೆ. ಆ ಹುಡುಗಿ ಅರ್ಜಿ ನೋಡಿ, "ಏಳನೇದು ಖಾಲಿ ಬಿಟ್ಟಿದೀರಲ್ಲ ಅಮ್ಮಾ" ಅಂದಳು. ಮುರಿದಿತ್ತು ಅಂದೆ. ಯಾವ ಆಸ್ಪತ್ರೆಯಲ್ಲಿ ತೋರಿಸಿದಿರಿ ಎಂದಳು. ಎಲ್ಲೂ ಇಲ್ಲ ಅಂದೆ. "ಮತ್ತೆ ಮುರಿದಿದ್ದು ಹೆಂಗೆ ಗೊತ್ತು?" "ತೊಳೆದೋಳು ನಾನೇ" ಅಂದೆ. ಅವಳೂ ಈ ದ್ವೀಪದವಳೇ, ಪೆನ್ನು ತೆಗೆದು ಹೌದು ಎಂಬ ಚೌಕಕ್ಕೆ ಗುರುತು ಹಾಕಿದಳು. ನನ್ನ ಮೂಳೆಗಳ ಬಗ್ಗೆ ಡಾಕ್ಟರಮ್ಮ ಹೇಳಿದ್ದನ್ನು ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ, ಒಳ್ಳೆಯ ಸುದ್ದಿಯೇನಲ್ಲ. ಬರುವಾಗ ನಿನಗೆಂದು ಒಂದು ಖಾಲಿ ಅರ್ಜಿ ಬೇಡಿ ತಂದೆ, ಇದರೊಳಗೆ ಮಡಚಿಟ್ಟಿದ್ದೇನೆ. ಹನ್ನೊಂದು ಪ್ರಶ್ನೆಗಳಿಗೆ ನೀನು ಉತ್ತರ ಬರೆ. ಏಳನೆಯದಕ್ಕೆ ಹೌದು ಎಂದು ನಾನೇ ಗುರುತು ಹಾಕಿದ್ದೇನೆ. ಅದನ್ನು ನಿನ್ನ ಕೈಯಿಂದ ಬರೆಸಲು ನನ್ನಿಂದಾಗಲಿಲ್ಲ.